ನಲವತ್ತೆಂಟು ಸೇರು ಅಕ್ಕಿ ಮತ್ತು ಭೀಮವ್ವ ಟೀಚರ್

ಗೃಹವಿಜ್ಞಾನ ತೆಗೆದುಕೊಂಡ ಹುಡುಗಿಯರು ಮೊದಲ ದಿನ ಪುಸ್ತಕ ತರಬೇಕಾಗಿರಲಿಲ್ಲ. ಮನೆಯಲ್ಲಿ ತಾಯಿ ಯಾವುದರಿಂದ ಹಿಟ್ಟು ಅಳೆಯುತ್ತಾಳೋ ಆ ಪಾತ್ರೆ ತರಬೇಕಾಗಿತ್ತು. ಹಿತ್ತಾಳೆಯ ಸೇರು, ಬಾಯಿ ಕತ್ತರಿಸಿದ ಎಣ್ಣೆ ಡಬ್ಬಿ, ಅಂಚು ಮುಕ್ಕಾದ ಸ್ಟೀಲ್ ಲೋಟ, ಒಂದು ವರ್ಷ ಯಾರದೋ ಅಜ್ಜಿಯ ಎಲೆಅಡಿಕೆ ಡಬ್ಬಿಯೂ ಬಂದಿತ್ತು. ಭೀಮವ್ವ ಟೀಚರ್ ಅವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಜೋಳ ತುಂಬಿ, ಬೆರಳಿನಿಂದ ಅಂಚು ಸವರಿ, ತಕ್ಕಡಿಗೆ ಸುರಿಯುತ್ತಿದ್ದಳು. ಎಲ್ಲವೂ ಮನೆಯಲ್ಲಿ ‘ಸೇರು’ ಎಂದೇ ಕರೆಸಿಕೊಳ್ಳುತ್ತಿದ್ದವು. ಯಾವ ಎರಡರ ತೂಕವೂ ಒಂದೇ ಆಗಿರುತ್ತಿರಲಿಲ್ಲ.

“ನಿಮ್ಮವ್ವ ಎರಡು ಸೇರು ಅಂತಾಳ. ಇಕಿ ಅವ್ವನೂ ಎರಡು ಸೇರು ಅಂತಾಳ. ಇಬ್ಬರೂ ಖರೇನೇ ಹೇಳ್ತಾರ. ಆದ್ರ ಇಬ್ಬರ ಮನ್ಯಾಗ ರೊಟ್ಟಿ ಎಷ್ಟಾಗ್ತಾವ ಅಂತ ಕೇಳ್ರಿ, ಜಗಳ ಹತ್ತತಾವ,” ಎನ್ನುವಳು. ಆಮೇಲೆ ಪ್ರತಿ ಪಾತ್ರೆಯ ತಳದಲ್ಲಿ ಅದರ ತೂಕವನ್ನು ಕೆಂಪು ಬಣ್ಣದಲ್ಲಿ ಬರೆದು ವಾಪಸ್ ಕಳಿಸುವಳು. ಶಹಾಪುರದ ಸುತ್ತಲಿನ ಹಳ್ಳಿಗಳಲ್ಲಿ ಇವತ್ತಿಗೂ ನೂರಾರು ಪಾತ್ರೆಗಳ ತಳದಲ್ಲಿ ಆ ಕೆಂಪು ಅಂಕಿ ಇದೆ.

ನಾನು ಆ ಹೆಣ್ಣುಮಕ್ಕಳ ಪಿಯು ಕಾಲೇಜಿಗೆ ಆರು ವರ್ಷ ಪ್ರಾಂಶುಪಾಲೆಯಾಗಿದ್ದೆ. ನನ್ನ ವಿಷಯ ರಸಾಯನಶಾಸ್ತ್ರ. ಡಾಕ್ಟರೇಟ್ ಮಾಡಿದ್ದೆ, ಅದರ ಬಿಗುಮಾನವೂ ಇತ್ತು. ಗೃಹವಿಜ್ಞಾನವೆಂದರೆ ಗಣಿತಕ್ಕೆ ಹೆದರಿದ ಹುಡುಗಿಯರಿಗೆ ಇಲಾಖೆ ತೋರಿಸಿದ ದಯೆ ಎಂದು ತಿಳಿದಿದ್ದೆ. ರೊಟ್ಟಿ ಬಡಿಯಲು ಬರುವ ಹುಡುಗಿಗೆ ರೊಟ್ಟಿಯ ಮೇಲೆ ಪರೀಕ್ಷೆ ಏಕೆ ಎಂದು ಸಿಬ್ಬಂದಿ ಸಭೆಯಲ್ಲೇ ಕೇಳಿದ್ದೆ. ಭೀಮವ್ವ ಎದ್ದು ನಿಂತು, “ಉಸಿರಾಡಾಕೂ ಎಲ್ಲರಿಗೂ ಬರ್ತದ್ರಿ ಮೇಡಂ. ನೀವು ಆಕ್ಸಿಜನ್ ಪಾಠ ಬಿಟ್ಟೀರೇನು?” ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆಕೆ ಸುರಪುರ ತಾಲೂಕಿನ ಕೃಷ್ಣೆಯ ದಂಡೆಯವಳು. ತಂದೆ ಬಸವಂತ್ರಾಯ ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದ; ಹೊಳೆ ಇಳಿದ ಕಾಲಕ್ಕೆ ದಂಡೆಯ ಮಣ್ಣಿನಲ್ಲಿ ಸೌತೆ, ಬದನೆ ಬೆಳೆಯುತ್ತಿದ್ದ. ದಂಡೆಗೆ ಬರುವ ವ್ಯಾಪಾರಿಯ ತಕ್ಕಡಿಯಲ್ಲಿ ಮೀನು ಯಾವತ್ತೂ ತಂದೆ ಎಣಿಸಿದ್ದಕ್ಕಿಂತ ಹಗುರವಾಗಿರುತ್ತಿತ್ತಂತೆ. ಹತ್ತು ವರ್ಷದ ಭೀಮವ್ವ ಒಂದು ದಿನ ಶಾಲೆಯ ತೂಕದ ಕಲ್ಲುಗಳನ್ನು ಕೇಳಿ ತಂದು, ವ್ಯಾಪಾರಿಯ ಎದುರೇ ಅವನ ಕಲ್ಲುಗಳನ್ನು ತೂಗಿದಳಂತೆ. ಅವನು ಮರುವಾರದಿಂದ ಆ ದಂಡೆಗೆ ಬರಲಿಲ್ಲ, ಬೇರೆಯವನು ಬಂದ. ಧಾರವಾಡದಲ್ಲಿ ಗೃಹವಿಜ್ಞಾನ ಓದಿದಳು. ಆ ಮನೆತನದಲ್ಲಿ ಕಾಲೇಜಿಗೆ ಹೋದವರಲ್ಲಿ ಆಕೆಯೇ ಮೊದಲು. ಮದುವೆಯಾದಳು, ಒಬ್ಬ ಮಗಳು, ಗಂಡ ಬೇಗ ತೀರಿಕೊಂಡ. ಇದನ್ನು ಆಕೆ ಯಾರ ಹತ್ತಿರವೂ ಹೇಳಿಕೊಂಡು ಕೂತವಳಲ್ಲ; ನಾನೂ ಹಿಗ್ಗಿಸಿ ಬರೆಯುವುದಿಲ್ಲ.

ದಿನವೂ ಸುರಪುರದ ಬಸ್ಸಿಗೆ ಬರುತ್ತಿದ್ದಳು. ಬಸ್ಸಿನಲ್ಲೇ ಹೆಂಗಸರು ಆಕೆಯನ್ನು ಸುತ್ತುವರಿಯುತ್ತಿದ್ದರು: ಕೂಸಿಗೆ ಭೇದಿ ಹತ್ತಿದರೆ ಏನು ಕುಡಿಸಬೇಕು, ಬಸುರಿಗೆ ಪುಂಡಿಪಲ್ಲೆಯಂಥ ಹುಳಿಸೊಪ್ಪು ಕೊಡಬಹುದೇ, ಗುಳಿಗೆಯ ಚೀಟಿಯ ಮೇಲೆ ತಾರೀಖು ಎಲ್ಲಿ ಬರೆದಿರುತ್ತದೆ. ಕಾಲೇಜಿನಲ್ಲಿ ಹುಡುಗಿಯರು ಆಕೆಯ ಹಿಂದೆ ಹಿಂಡಾಗಿ ಓಡಾಡುತ್ತಿದ್ದರು. ಬೈಯುವುದರಲ್ಲಿ ಆಕೆ ನನಗಿಂತ ಮುಂದಿದ್ದಳು. ನಾನು ಬೈದರೆ ಹುಡುಗಿಯರು ಅಳುತ್ತಿದ್ದರು, ಆಕೆ ಬೈದರೆ ಮನೆಗೆ ಹೋಗಿ ಅಭಿನಯಿಸಿ ತೋರಿಸುತ್ತಿದ್ದರು.

2013ರ ನವೆಂಬರ್. ಗೃಹವಿಜ್ಞಾನದಲ್ಲಿ ಎರಡೂ ವರ್ಷ ಸೇರಿ ಹದಿನೇಳು ಜನ. ಆ ಕೊಠಡಿ ನನಗೆ ಕಂಪ್ಯೂಟರ್‌ಗಳಿಗೆ ಬೇಕಾಗಿತ್ತು. ವಿಭಾಗ ಮುಚ್ಚಲು ಶಿಫಾರಸು ಮಾಡಿ ಪತ್ರ ಟೈಪ್ ಮಾಡಿಸಿ, ಸಹಿಯೊಂದನ್ನು ಬಾಕಿ ಇಟ್ಟಿದ್ದೆ. ವಿಭಾಗ ಮುಚ್ಚಿದರೆ ಭೀಮವ್ವನನ್ನು ಎಲ್ಲಿಗಾದರೂ ವರ್ಗ ಮಾಡುತ್ತಿದ್ದರು. ಹಳ್ಳಿಯ ಹುಡುಗಿಯರಲ್ಲಿ ಅರ್ಧದಷ್ಟು ಜನ ಓದು ಬಿಡುತ್ತಿದ್ದರು. ಈ ವಿಷಯವಿದೆ ಎಂಬ ಕಾರಣಕ್ಕೇ ಅವರ ಮನೆಯವರು ಕಾಲೇಜಿಗೆ ಕಳಿಸಿದ್ದರು. ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಪತ್ರದ ಸುದ್ದಿ ಆಕೆಗೆ ಹೇಗೆ ತಿಳಿಯಿತೆಂದು ನಾನು ವಿಚಾರಿಸಲಿಲ್ಲ.

ಅದೇ ವಾರ ಜಿಲ್ಲೆಯ ಪಿಯು ಹುಡುಗಿಯರ ಕ್ರೀಡಾಕೂಟ ನಮ್ಮ ಕಾಲೇಜಿನ ಮೈದಾನದಲ್ಲಿ. ಯಾದಗಿರಿ, ಸುರಪುರ, ಗುರುಮಠಕಲ್, ಎಲ್ಲ ಕಡೆಯಿಂದ ಸೇರಿ ಐನೂರು ಜನರ ಊಟ. ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ನಮ್ಮ ದೈಹಿಕ ಶಿಕ್ಷಣದ ಉಪನ್ಯಾಸಕ ಸಂಗಮನಾಥ ಓಡುತ್ತ ನನ್ನ ಕೋಣೆಗೆ ಬಂದ.

“ಮೇಡಂರಿ, ಅಡಿಗಿಯವರು ಬರಂಗಿಲ್ಲಂತ. ಯಾವುದೋ ಲಗ್ನದಾಗ ಸಿಕ್ಕೊಂಡಾರ. ಅಕ್ಕಿ, ಬ್ಯಾಳಿ, ಎಣ್ಣಿ ಎಲ್ಲಾ ಬಂದು ಬಿದ್ದದ. ಮಾಡೋರು ಇಲ್ಲ.”

“ಕೂಟ ಮುಂದ ಹಾಕ್ರಿ,” ಎಂದೆ.

“ಹ್ಯಾಂಗ್ರಿ? ಗುರುಮಠಕಲ್‌ನವರು ನಸುಕಿನ್ಯಾಗ ಬಸ್ ಹತ್ತತಾರ.”

ಭೀಮವ್ವ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ.

“ನನ್ನ ಹುಡುಗ್ಯಾರು ಮಾಡ್ತಾರ್ರಿ.”

“ಹದಿನೇಳು ಹುಡುಗ್ಯಾರು? ಐನೂರು ಮಂದಿಗೆ?”

“ಹದಿನೇಳು ಮತ್ತ ನಾನೊಬ್ಬಾಕಿ. ಮೇಡಂ, ಒಂದು ಶರ್ತು. ನಾಳೆ ಒಂದು ಗಂಟೆಕ್ಕ ಪೂರಾ ಊಟ ತಾಟಿನಾಗ ಬಿತ್ತಂದ್ರ ನೀವು ಆ ಪತ್ರ ಹರೀಬೇಕು. ಬೀಳಲಿಲ್ಲಂದ್ರ ಟೈಪ್ ಮಾಡಿಸಿದ್ದು ಬ್ಯಾಡ, ನಾನೇ ನನ್ನ ಕೈಲೆ ಬರ್ದು ಕೊಡ್ತೀನಿ.”

ಸಂಗಮನಾಥ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದ. ನಾನು ಒಪ್ಪಿದೆ. ಆಕೆ ಸೋಲುತ್ತಾಳೆ ಎಂಬ ಬಗ್ಗೆ ನನಗೆ ಸಂಶಯವಿರಲಿಲ್ಲ.

ಆಮೇಲಿನ ಇಪ್ಪತ್ತೆರಡು ತಾಸು ಆ ಕಾಲೇಜು ಕಂಡ ಓಡಾಟವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮೊದಲು ರೊಟ್ಟಿ. ಹದಿನೇಳು ಜನ ಸಾವಿರ ರೊಟ್ಟಿ ಬಡಿಯಲಾರರು. ನಮ್ಮ ಕಡೆ ಮಠದಲ್ಲಿ ದಾಸೋಹವಿದ್ದರೆ ಮನೆಮನೆಯಿಂದ ರೊಟ್ಟಿ ಹೋಗುತ್ತದೆ. ಯಾರೂ ಏಕೆ ಎಂದು ಕೇಳುವುದಿಲ್ಲ. ಭೀಮವ್ವ ಅದನ್ನೇ ಹಿಡಿದಳು. ದೋರನಹಳ್ಳಿಯ ಮತ್ತು ವನದುರ್ಗದ ಹುಡುಗಿಯರನ್ನು ಸಂಜೆಯ ಬಸ್ಸಿಗೆ ಹತ್ತಿಸಿದಳು. “ಮನಿಗೆ ಹತ್ತು ರೊಟ್ಟಿ. ದಾಸೋಹದ್ದು ಅಂತ ಹೇಳ್ರಿ, ಸುಳ್ಳಲ್ಲ. ಓಡೂ ಹುಡುಗ್ಯಾರಿಗೆ ದಾಸೋಹ.” ಮಠಕ್ಕೆ ಹೋಗಿ ನಾಲ್ಕು ದೊಡ್ಡ ಹಂಡೆ, ಸೌಟು, ಅಗಲವಾದ ಪರಾತ ತಂದಳು. ಬಸ್ ನಿಲ್ದಾಣದ ಹತ್ತಿರ ಬಿರಿಯಾನಿ ಮಾಡುವ ಫಕೀರಸಾಬನನ್ನು ಒಲೆ ನೋಡಿಕೊಳ್ಳಲು ಕರೆಸಿದಳು. ಅವನ ಇಬ್ಬರು ಹೆಣ್ಣುಮಕ್ಕಳು ಆಕೆಯ ಕೈಯಲ್ಲಿ ಓದಿದವರು.

ಬೆಳಿಗ್ಗೆ ನಾನು ಏಳಕ್ಕೆ ಬಂದಾಗ ಕಾಲೇಜಿನ ಹಿತ್ತಲಲ್ಲಿ ಕಲ್ಲಿನ ಒಲೆಗಳು ಉರಿಯುತ್ತಿದ್ದವು. ಪುಂಡಿಪಲ್ಲೆ ಗುಡ್ಡದಂತೆ ಬಿದ್ದಿತ್ತು. ಮೂವರು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತಿದ್ದರು. ಫಕೀರಸಾಬ ಬೇಳೆಗೆ ಒಗ್ಗರಣೆ ಹಾಕುತ್ತ ಹುಡುಗಿಯರನ್ನು ಕಾಡುತ್ತಿದ್ದ.

“ಇಷ್ಟು ಖಾರದಾಗ ಏನಾಗ್ತದವ್ವಾ? ಇದು ಬಾಣಂತಿ ಊಟ ಏನು?”

“ಮಾಮಾ, ಅವರು ಓಡಬೇಕು. ನೀವು ಹಾಕೂ ಖಾರ ಹಾಕಿದ್ರ ಬ್ಯಾರೆ ಕಡೆ ಓಡ್ತಾರ,” ಎಂದಳು ಸಾಬೇರಾ. ಎರಡನೇ ವರ್ಷದ ಹುಡುಗಿ, ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ಅನ್ನದ ಜವಾಬ್ದಾರಿ ಅವಳದು. ನಲವತ್ತೆಂಟು ಸೇರು ಅಕ್ಕಿ, ಹಂಡೆಗೆ ಹನ್ನೆರಡು. ಅದರ ದುಪ್ಪಟ್ಟು ನೀರು. ಭೀಮವ್ವ ಬರೆದ ಚೀಟಿ ಅವಳ ದುಪಟ್ಟಾದ ತುದಿಯಲ್ಲಿತ್ತು. ನೀರನ್ನು ಅವಳು ಗೃಹವಿಜ್ಞಾನ ಪ್ರಯೋಗಾಲಯದ, ತಳದಲ್ಲಿ ಕೆಂಪು ಅಂಕಿಯಿದ್ದ ಸೇರಿನಿಂದ ಅಳೆದು ಹಾಕಿಯೂ ಆಗಿತ್ತು.

ಹತ್ತೂವರೆಗೆ ದೋರನಹಳ್ಳಿಯಿಂದ, ರೊಟ್ಟಿ ತರಲು ಕಳಿಸಿದ್ದ ಟೆಂಪೋ ಚಾಲಕನ ಫೋನು. ರೊಟ್ಟಿ ಸಿದ್ಧವಿವೆ, ಆದರೆ ಯಾವ ಯಾವ ಮನೆಯಲ್ಲಿ ಎಂದು ತನಗೆ ಗೊತ್ತಿಲ್ಲ. ಹೇಳಬೇಕಾದ ಹುಡುಗಿ ರೊಟ್ಟಿ ಗಂಟಿನೊಂದಿಗೆ ಮೊದಲ ಬಸ್ಸಿಗೇ ಬಂದುಬಿಟ್ಟಿದ್ದಾಳೆ. ಭೀಮವ್ವ ಆ ಹುಡುಗಿಯನ್ನು ಎಳೆದುಕೊಂಡು ಸಂಗಮನಾಥನ ಮೋಟಾರ್ ಸೈಕಲ್ಲಿನ ಹಿಂದೆ ಕೂತಳು. ಮೂರು ಜನ. ನಾನು ನೋಡದವಳಂತೆ ಇದ್ದೆ.

ಹನ್ನೊಂದೂವರೆಗೆ ನೀರು ಕುದಿಯಿತು. ಸಾಬೇರಾ ಅಕ್ಕಿ ಹಾಕಲು ಸೇರು ಹುಡುಕುತ್ತಿದ್ದಳು. ಅದನ್ನು ತೊಳೆದು ಒಳಗೆ ಇಟ್ಟಿದ್ದರಂತೆ. ನಾಲ್ಕು ಹಂಡೆಯ ನೀರು ಸುಮ್ಮನೆ ಕುದಿಯುತ್ತಿತ್ತು. ಮಠದಿಂದ ಬಂದ ಪಾತ್ರೆಗಳ ನಡುವೆ ಒಂದು ಹಿತ್ತಾಳೆ ಸೇರು ಇತ್ತು. ನಾನು ಅದನ್ನು ಎತ್ತಿ ಕೊಟ್ಟೆ.

“ಇದು ನಮ್ಮದಲ್ರಿ ಮೇಡಂ. ಟೀಚರ್ ಸೇರು ಒಳಗದ, ತರ್ತೀನಿ.”

“ಸೇರು ಅಂದ್ರ ಸೇರು. ಹೊತ್ತಾಗಾಕತ್ತದ, ಹಾಕು.”

“ಟೀಚರ್ ಬೈತಾರ್ರಿ.”

“ನಾನು ಯಾರು?” ಎಂದೆ.

ಅವಳು ಹಾಕಿದಳು. ನಲವತ್ತೆಂಟು ಸೇರು, ಒಂದೊಂದನ್ನೂ ಅಂಚು ಸವರಿ. ನಾನು ಪಕ್ಕದಲ್ಲಿ ನಿಂತು ಎಣಿಸಿದೆ.

ಭೀಮವ್ವ ಬಂದಾಗ ಹನ್ನೆರಡು ದಾಟಿ ಹತ್ತು ನಿಮಿಷ. ಟೆಂಪೋದಲ್ಲಿ ಬಿಳಿ ಬಟ್ಟೆಯ ಗಂಟುಗಳು ಬಾಗಿಲವರೆಗೆ ಒಟ್ಟಿದ್ದವು: ಸಾವಿರದ ಇನ್ನೂರು ರೊಟ್ಟಿ, ಕೇಳದೇ ಬಂದ ಎರಡು ಡಬ್ಬಿ ಗಟ್ಟಿ ಮೊಸರು. ಹುಡುಗಿಯರು ಕೂಗಿದರು. ಭೀಮವ್ವ ನೇರವಾಗಿ ಹಂಡೆಯ ಹತ್ತಿರ ಹೋಗಿ ಮುಚ್ಚಳ ತೆಗೆದಳು. ನೀರು ಇಂಗಿಹೋಗಿತ್ತು. ಅಕ್ಕಿ ಉಬ್ಬಿ ಹಂಡೆಯ ಕಂಠಕ್ಕೆ ಬಂದಿತ್ತು. ಒಂದು ಅಗುಳನ್ನು ಬೆರಳುಗಳ ನಡುವೆ ಹಿಸುಕಿದಳು. ಒಳಗೆ ಬಿಳಿ ನುಚ್ಚು ಹಾಗೆಯೇ ಇತ್ತು.

ನೆಲದ ಮೇಲಿದ್ದ ಹಿತ್ತಾಳೆ ಸೇರನ್ನು ಎತ್ತಿ ಬೋರಲು ಮಾಡಿ ತಳ ನೋಡಿದಳು. ಕೆಂಪು ಅಂಕಿ ಇರಲಿಲ್ಲ.

“ಇದರಿಂದ ಹಾಕಿದ್ದು ಯಾರು?”

ಸಾಬೇರಾ ಒಮ್ಮೆ ನನ್ನ ಕಡೆ ನೋಡಿದಳು. ನಾನು ಹಂಡೆಯನ್ನು ನೋಡಿದೆ.

“ನಾನೇ ರೀ,” ಎಂದಳು ಸಾಬೇರಾ.

ನಾನು ಬಾಯಿ ತೆರೆಯಲಿಲ್ಲ. ಹದಿನೇಳು ಹುಡುಗಿಯರು, ಅಡುಗೆಯವನು, ಸಿಬ್ಬಂದಿ ಎಲ್ಲ ನಿಂತಿದ್ದರು. ಅವರೆದುರು ತಪ್ಪೊಪ್ಪಲು ನನಗೆ ಆಗಲಿಲ್ಲ. ಕಾರಣ ಇಷ್ಟೇ, ಬೇರೆ ಯಾವುದೂ ಇಲ್ಲ.

ಭೀಮವ್ವ ಬೈಯಲಿಲ್ಲ. ಆ ಸೇರಿನಲ್ಲಿ ಅಕ್ಕಿ ತುಂಬಿ ಪ್ರಯೋಗಾಲಯದ ಸೇರಿಗೆ ಸುರಿದಳು. ಅದು ತುಂಬಿ, ಮೇಲೆ ಕಾಲು ಸೇರು ಉಳಿಯಿತು. “ಮಠದ್ದಿದು. ಕೊಡೂ ಸೇರು. ಕೊಡೂ ಸೇರು ದೊಡ್ಡದಿರ್ತದ, ಕೇಳಾಕ ಬಂದವರು ಕಡಿಮಿ ಅನಬಾರ್ದು ಅಂತ,” ಎಂದು, ಇದ್ದಿಲ ಚೂರು ತೆಗೆದುಕೊಂಡು ಗೋಡೆಯ ಮೇಲೆ ಬರೆಯತೊಡಗಿದಳು. “ಹಂಡೆಗೆ ಹನ್ನೆರಡು ಅಲ್ಲ, ಹದಿನೈದು ಬಿದ್ದಾವ. ನೀರು ಮೂವತ್ತು ಬೇಕಿತ್ತು, ಇಪ್ಪತ್ನಾಕೇ ಅದ. ಹಂಡೆಗೆ ಆರು ಸೇರು ಕಡಿಮಿ. ಕುದಿಯೂ ನೀರು ಬೇಕು ನನಗ, ಇಪ್ಪತ್ನಾಕು ಸೇರು. ಈಗಿಂದೀಗ. ತಣ್ಣೀರು ಯಾರರೆ ಹಾಕೀರಿ, ಅಗಳು ಮ್ಯಾಲೆ ಮುದ್ದಿ ಆಗ್ತದ, ಒಳಗ ಹಸಿ ಇರ್ತದ.”

ಕುದಿಯುವ ನೀರು ಒಂದೇ ಕಡೆ ಇತ್ತು.

“ಟೀಚರ್, ಅದು ಗೆಸ್ಟ್‌ಗಳ ಚಹಾದ ನೀರು,” ಎಂದ ಸಂಗಮನಾಥ.

“ಒಂದು ತಾಸು ಚಹಾ ಇಲ್ಲಂದ್ರ ಗೆಸ್ಟ್ ಸಾಯಂಗಿಲ್ಲ. ಎತ್ತು.”

ಹಂಡೆಗಳಲ್ಲಿ ಜಾಗವಿರಲಿಲ್ಲ. ಫಕೀರಸಾಬ ತನ್ನ ಅಂಗಡಿಗೆ ಓಡಿ ಬಿರಿಯಾನಿಯ ಪಾತ್ರೆಯನ್ನು ಆಟೋದಲ್ಲಿ ಹಾಕಿಕೊಂಡು ಬಂದ. ಪ್ರತಿ ಹಂಡೆಯಿಂದ ಮೂರು ಸೇರಿನಷ್ಟು ಅಕ್ಕಿ ತೆಗೆದು ಐದನೆಯದಕ್ಕೆ ಹಾಕಿದರು. ಅಳೆದು ನೀರು ಹಂಚಿದರು. ಫಕೀರಸಾಬ ಮುಚ್ಚಳದ ಅಂಚಿಗೆ ಕಣಕ ಮೆತ್ತಿ, ಒಲೆಯ ಉರಿ ಎಳೆದು, ಕೆಂಡವನ್ನು ಮುಚ್ಚಳದ ಮೇಲೆ ಸುರಿದ.

“ಎಷ್ಟೊತ್ತು, ಸಾಬರ?”

“ಬಿರಿಯಾನಿ ಇದ್ರ ಕರೆಕ್ಟ್ ಹೇಳ್ತಿದ್ದೆ ಟೀಚರಮ್ಮ. ಇದು ನಿಮ್ಮ ಬೋಳ ಅನ್ನ, ಅದರ ಮನಸ್ಸು ನನಗೇನ್ ಗೊತ್ತು? ಮುಕ್ಕಾಲು ತಾಸು. ಜಾಸ್ತಿನೂ ಆಗಬಹುದು.”

ಆಗ ಹನ್ನೆರಡೂ ಮೂವತ್ತೈದು. ಹುಡುಗಿಯರು ಹಂಡೆ ಬಿಟ್ಟು ಪಡಸಾಲೆಗೆ ಓಡಿದರು. ತಾಟು ಹಾಕಿದರು, ನೀರು ಇಟ್ಟರು. ಒಂದು ಗಂಟೆಯ ಗಂಟೆ ಬಾರಿಸಿದಾಗ ಐನೂರು ಹುಡುಗಿಯರು ಮೈದಾನದಿಂದ ನುಗ್ಗಿದರು. ತಾಟಿನಲ್ಲಿ ಒಂದೊಂದು ರೊಟ್ಟಿ, ಪುಂಡಿಪಲ್ಲೆ, ಹಿಂಡಿ, ಮೊಸರು ಬಿದ್ದಿತ್ತು. ಅವರು ತಿಂದ ವೇಗ ನೋಡಬೇಕಿತ್ತು. ಎರಡನೇ ಸುತ್ತು ರೊಟ್ಟಿ ಹೋಯಿತು, ಮೂರನೆಯದೂ ಹೋಯಿತು. ನಾನು ಕೈಗಡಿಯಾರ ನೋಡುತ್ತ ಬಾಗಿಲಲ್ಲಿ ನಿಂತಿದ್ದೆ. ಮುಳ್ಳು ಮುಂದೆ ಸರಿದ ಹಾಗೆಲ್ಲ ಹಿತ್ತಲಿನ ಕಡೆ ತಿರುಗುತ್ತಿದ್ದೆ. ಆಕೆ ಗೆಲ್ಲಲಿ ಎಂದು ನನಗೇ ಅನಿಸತೊಡಗಿತ್ತು.

ಒಂದೂ ಇಪ್ಪತ್ತಕ್ಕೆ ಫಕೀರಸಾಬ ಮೊದಲ ಮುಚ್ಚಳ ಒಡೆದ. ಅನ್ನ ಬಿಡಿಬಿಡಿಯಾಗಿ ಎದ್ದಿತ್ತು. ಬೇಳೆ, ಅನ್ನ ಓಡಿತು. ಓಡುವವರು ಉಂಡರು, ಬಸ್ಸಿನ ಚಾಲಕರು ಉಂಡರು, ಸುಣ್ಣದ ಗೆರೆ ಹಾಕಿದ ಕೂಲಿಯವರು ಉಂಡರು. ಕೊಡುವ ಸೇರಿನಿಂದ ಅಳೆದ ಅಕ್ಕಿ, ಯಾರಿಗೂ ಸಾಲದೆ ಹೋಗಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಭೀಮವ್ವ ನನ್ನ ಕೋಣೆಗೆ ಬಂದು ಒಂದು ಹಾಳೆ ಮೇಜಿನ ಮೇಲಿಟ್ಟಳು. ಗೃಹವಿಜ್ಞಾನ ವಿಭಾಗವನ್ನು ಮುಚ್ಚಬಹುದು ಎಂದು ದುಂಡಾದ ಅಕ್ಷರದಲ್ಲಿ ಬರೆದು ಸಹಿ ಮಾಡಿದ್ದಳು.

“ಒಂದು ಗಂಟೆಕ್ಕ ಊಟ ಬಿದ್ದಿತ್ತಲ್ಲ,” ಎಂದೆ.

“ಪೂರಾ ಊಟ ಅಂದಿದ್ದೆ. ಅನ್ನ ಇಪ್ಪತ್ತು ಮಿನಿಟ್ ತಡಾ.”

“ಆ ಸೇರು ಸಾಬೇರಾ ತಗೊಂಡಿದ್ದಲ್ಲ. ನಾನು ಕೊಟ್ಟಿದ್ದು. ಆಕಿ ಬ್ಯಾಡ ಅಂದ್ಲು.”

“ಗೊತ್ತದ್ರಿ.”

“ಹೇಳಿದಳೇನು?”

“ಆಕಿ ಯಾಕ ಹೇಳ್ತಾಳ? ನೀರು ನಮ್ಮ ಸೇರಿಲೆ ಅಳ್ದಾಕಿ, ಅಕ್ಕಿ ಮಠದ ಸೇರಿಲೆ ಯಾಕ ಅಳೀತಾಳ? ಯಾರರೆ ದೊಡ್ಡವರು ಬಂದು ಬಾಯಿ ಮಾಡಿರಬೇಕು ಅಂತ ಅಲ್ಲೇ ತಿಳೀತು. ನಿಮಗಿಂತ ದೊಡ್ಡವರು ಅಲ್ಲಿ ಯಾರಿದ್ರು?”

“ಗೊತ್ತಿದ್ದೂ ಇದನ್ಯಾಕ ಬರ್ದು ತಂದೀರಿ?”

“ಶರ್ತು ಟೈಮಿಂದು. ಯಾರಿಂದ ತಡಾ ಆಗ್ತದ ಅನ್ನೂದು ಶರ್ತಿನಾಗ ಇರಲಿಲ್ಲ.”

ನಾನು ಆ ಹಾಳೆಯನ್ನು ಓದಿದೆ. ಮರುಕದಿಂದ ಅದನ್ನು ಹರಿದೆ ಎಂದು ಯಾರೂ ತಿಳಿಯಬಾರದು. ನಾನು ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ನಿಂತವಳು. ಪರೀಕ್ಷೆ ಮಾಡುವವಳೇ ಅಳತೆಯ ಪಾತ್ರೆ ಬದಲಿಸಿದರೆ ಆ ಪ್ರಯೋಗದ ಫಲಿತಾಂಶಕ್ಕೆ ಬೆಲೆಯಿಲ್ಲ. ಎಂಥ ವಿದ್ಯಾರ್ಥಿನಿಗೂ ನಾನು ಇದನ್ನು ಕ್ಷಮಿಸಿದ್ದಿಲ್ಲ. ಅದನ್ನೇ ಆಕೆಗೆ ಹೇಳಿದೆ. ಆಕೆಯ ಹಾಳೆಯನ್ನೂ ನನ್ನ ಟೈಪ್ ಮಾಡಿದ ಪತ್ರವನ್ನೂ ಜೋಡಿಸಿ ಹರಿದೆ.

“ಹಂಗಾದ್ರ ಇನ್ನೊಂದು ಕೆಲಸ ಅದ ನಿಮಗ,” ಎಂದಳು ಭೀಮವ್ವ. “ಹುಡುಗಿ ಎಲ್ಲರ ಮುಂದ ನಿಮ್ಮ ತಪ್ಪು ಹೊತ್ತಾಳ. ಎಲ್ಲರ ಮುಂದೇ ಇಳಸ್ರಿ.”

ಸೋಮವಾರ ನಾನು ಆ ತರಗತಿಗೆ ಹೋದೆ. ನಡೆದದ್ದನ್ನು ನಾಲ್ಕು ವಾಕ್ಯದಲ್ಲಿ ಹೇಳಿದೆ. ಹದಿನೇಳು ಮುಖಗಳು ನನ್ನನ್ನೇ ನೋಡುತ್ತಿದ್ದವು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಕಠಿಣವಾದ ನಾಲ್ಕು ವಾಕ್ಯಗಳನ್ನು ಇನ್ನೆಂದೂ ಆಡಿಲ್ಲ. ಸಾಬೇರಾ ಎದ್ದು ನಿಂತು, “ಇರ್ಲಿ ಬಿಡ್ರಿ ಮೇಡಂ, ಮೊದಲ್ನೆ ಸಲ ಎಲ್ಲರಿಗೂ ಆಗ್ತದ,” ಎಂದಳು. ಭೀಮವ್ವ ಕಪ್ಪುಹಲಗೆಯ ಕಡೆ ತಿರುಗಿ ನಿಂತಳು. ಆಕೆಯ ಭುಜ ನಗುವಿನಿಂದ ಅಲುಗುತ್ತಿತ್ತು. ನಂತರ ನನಗೆ ಬೆಂಚು ತೋರಿಸಿ, “ಕೂಡ್ರಿ, ಪಾಠ ಚಾಲೂ ಆಗೇದ,” ಎಂದಳು. ಹಾಲು ಒಡೆಯುವುದು ಏಕೆ ಎಂಬುದು ಆವತ್ತಿನ ಪಾಠ. ಅದರ ರಸಾಯನಶಾಸ್ತ್ರ ನನಗೆ ಬಾಯಿಪಾಠವಿತ್ತು. ಆಕೆ ಹೇಳಿದ ಮೂರು ಸಂಗತಿಗಳು ಮಾತ್ರ ನನಗೆ ಗೊತ್ತಿರಲಿಲ್ಲ. ಬರೆದುಕೊಂಡೆ.

ಮುಂದಿನ ಜೂನ್‌ನಲ್ಲಿ ಪ್ರವೇಶದ ಸಾಲು ಹಚ್ಚಿದಾಗ ಗೃಹವಿಜ್ಞಾನಕ್ಕೆ ಮೂವತ್ತೊಂದು ಅರ್ಜಿ ಬಂದವು. ಸುರಪುರದಿಂದ ಕ್ರೀಡಾಕೂಟಕ್ಕೆ ಬಂದಿದ್ದ ಹುಡುಗಿಯೊಬ್ಬಳು ತನ್ನ ತಂಗಿಯನ್ನು ಕರೆತಂದಿದ್ದಳು. ಗುರುಮಠಕಲ್‌ನಿಂದ ಇಬ್ಬರು ಹಾಸ್ಟೆಲ್ ಕೇಳಿಕೊಂಡು ಬಂದಿದ್ದರು. ಕಂಪ್ಯೂಟರ್‌ಗಳನ್ನು ನಾನು ನನ್ನ ಕೋಣೆಯ ಅರ್ಧ ಬಿಟ್ಟುಕೊಟ್ಟು ಅಲ್ಲಿ ಇರಿಸಿದೆ. ಅಲ್ಲಿಂದ ಭೀಮವ್ವ ಇನ್ನೂ ಏಳು ವರ್ಷ ಪಾಠ ಮಾಡಿದಳು. 2021ರಲ್ಲಿ ನಿವೃತ್ತಳಾದಳು, ಕಳೆದ ಶ್ರಾವಣದಲ್ಲಿ ಸುರಪುರದ ಮನೆಯಲ್ಲಿ ತೀರಿಕೊಂಡಳು. ಆ ವಿಭಾಗಕ್ಕೆ ಈಗ ಇಬ್ಬರು ಉಪನ್ಯಾಸಕಿಯರಿದ್ದಾರೆ. ಹಿರಿಯಳು ಸಾಬೇರಾ. ನಾನು ಮೊನ್ನೆ ಹೋದಾಗ ತರಗತಿ ನಡೆದಿತ್ತು. ಒಬ್ಬ ಹುಡುಗಿಗೆ ಬೈಯುತ್ತಿದ್ದಳು, ಉಳಿದವರು ನಗುತ್ತಿದ್ದರು. ಹೊಸಿಲ ಹತ್ತಿರ ನಿಂತ ನನ್ನನ್ನು ಕಂಡು, ಪಾಠ ನಿಲ್ಲಿಸದೆಯೇ, ಖಾಲಿ ಬೆಂಚಿನ ಕಡೆ ಕೈ ಮಾಡಿದಳು. ಹೋಗಿ ಕುಳಿತೆ.